ಅಹಿಂಸೆ ಅಂದರೆ ಸುಮ್ನೆ ಹೊಡೆಸಿಕೊಳ್ಳೋದಾ? ಮಗಳ ಪ್ರಶ್ನೆಗೆ ಉತ್ತರ ಬೇಕು

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ಶರಣು. ಮಗಳು ಒಂಬತ್ತನೇ ಕ್ಲಾಸು. ಗಾಂಧಿ ಜಯಂತಿಗೆ ಶಾಲೆಯಲ್ಲಿ ಭಾಷಣ ಮಾಡಬೇಕಂತೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಅಹಿಂಸೆ ಅಂದರೆ ಅವರು ಹೊಡೀತಾರೆ, ನಾವು ಸುಮ್ನೆ ಹೊಡೆಸಿಕೊಳ್ತೀವಿ, ಅಷ್ಟೇನಾ? ಅಷ್ಟಕ್ಕೇ ಬ್ರಿಟಿಷರು ಹೋದರಾ?" ನನಗೆ ಉತ್ತರ ಬರಲಿಲ್ಲ. ಊಟ ಮುಗಿದ ಮೇಲೂ ಅದೇ ತಲೆ ಕೊರೀತಿತ್ತು.

ಯಾಕಂದರೆ ನಾನು ಅದನ್ನ ಹತ್ತಿರದಿಂದ ನೋಡಿದ್ದೀನಿ. ಕೆಲವು ವರ್ಷದ ಹಿಂದೆ ತೊಗರಿ ರೇಟು ಬಿದ್ದಾಗ ನಾವು ನಲವತ್ತು ಜನ ಒಂದು ಕಚೇರಿ ಮುಂದೆ ಧರಣಿ ಕೂತಿದ್ವಿ. ಮಾರ್ಚ್ ತಿಂಗಳು. ನಮ್ಮ ಕಡೆ ಮಾರ್ಚ್ ಅಂದರೆ ಹೇಳೋದೇ ಬೇಡ. ಶಾಮಿಯಾನ ಅರ್ಧ ಹರಿದಿತ್ತು, ನೆರಳು ಎತ್ತ ಸರೀತೋ ನಾವೂ ಅತ್ತ ಸರೀತಿದ್ವಿ. ನಾಲ್ಕನೇ ದಿನ ಮಧ್ಯಾಹ್ನ ಒಳಗಿಂದ ಒಬ್ಬರು ಬಂದರು. ನಮ್ಮ ಕಡೆ ನೋಡಲೂ ಇಲ್ಲ. "ಇವರಿಗೆ ಬೇರೆ ಕೆಲಸ ಇಲ್ಲ" ಅಂದು ಗಾಡಿ ಹತ್ತಿದರು. ನನ್ನ ಪಕ್ಕದ ಹುಡುಗ ಕಲ್ಲು ಎತ್ತಿಬಿಟ್ಟ. ಅವನ ಹಿಂದೆ ಒಬ್ಬ ಅಜ್ಜಿ ಕೂತಿದ್ದರು. ಅವನ ಮಣಿಕಟ್ಟು ಹಿಡಿದುಕೊಂಡರು. ಜೋರು ಮಾಡಲಿಲ್ಲ, ಸುಮ್ನೆ ಹಿಡಿದುಕೊಂಡೇ ಹೇಳಿದರು: "ಕಲ್ಲು ಒಗೆದ್ರ ನಾಳೆ ಪೇಪರ್‌ನಾಗ ಕಲ್ಲಿನ ಸುದ್ದಿ ಬರ್ತದ. ತೊಗರಿ ಸುದ್ದಿ ಬರಂಗಿಲ್ಲ."

ಹುಡುಗ ಕಲ್ಲು ಕೆಳಗಿಟ್ಟ. ಅಜ್ಜಿಗೆ ಗೊತ್ತಿದ್ದದ್ದನ್ನ ಮಗಳಿಗೆ ಹೇಗೆ ತಿಳಿಸಿ ಹೇಳಲಿ? ಇದು ಎಲ್ಲಿಂದ ಶುರುವಾಯ್ತು? ಗಾಂಧಿಯವರೇ ಕಂಡುಹಿಡಿದದ್ದಾ, ಮೊದಲಿಂದ ಇತ್ತಾ? ತಿಳಿದವರು ಬರೀರಿ.

ರಿಟೈರ್ಡ್ ಮಾಸ್ತರ್, ಕಲಬುರಗಿ

ಮಗಳು ಕೇಳಿದ್ದು ಸರಿಯಾಗೇ ಇದೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಶುರುವಾದ ದಿನ ಒಂದನ್ನ ಖಚಿತವಾಗಿ ಹೇಳಬಹುದು. 1906ರ ಸೆಪ್ಟೆಂಬರ್ 11. ಊರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್, ಜಾಗ ಎಂಪೈರ್ ಥಿಯೇಟರ್. ಸುಮಾರು 3,000 ಭಾರತೀಯರು ಸೇರಿದ್ದರು. ಆ ಊರಿದ್ದ ಟ್ರಾನ್ಸ್‌ವಾಲ್ ಪ್ರಾಂತದ ಸರ್ಕಾರ ಒಂದು ಕಾನೂನು ತರೋದಕ್ಕೆ ಹೊರಟಿತ್ತು. ಎಂಟು ವರ್ಷ ದಾಟಿದ ಪ್ರತಿಯೊಬ್ಬ ಭಾರತೀಯನೂ ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಚೀಟಿ ಜೇಬಲ್ಲಿ ಇಟ್ಟುಕೊಂಡೇ ತಿರುಗಬೇಕು. ಪೊಲೀಸರು ಎಲ್ಲಿ ಕೇಳಿದರೂ ತೋರಿಸಬೇಕು. ಕಳ್ಳರಿಗೆ ಮಾಡೋ ಹಾಗೆ.

ಆ ಸಭೆಯಲ್ಲಿ ಸೇಠ್ ಹಾಜಿ ಹಬೀಬ್ ಅನ್ನೋ ವ್ಯಾಪಾರಿ ಎದ್ದು ನಿಂತು, ದೇವರ ಮೇಲೆ ಆಣೆ ಇಟ್ಟು, ಈ ಕಾನೂನಿಗೆ ತಲೆ ಬಾಗಲ್ಲ ಅಂದರು. ಗಾಂಧಿಯವರಿಗೇ ಒಂದು ಕ್ಷಣ ಆಶ್ಚರ್ಯ ಆಯ್ತು. ಠರಾವು ಪಾಸು ಮಾಡೋದು ಬೇರೆ, ದೇವರ ಮೇಲೆ ಆಣೆ ಇಡೋದು ಬೇರೆ, ಅಲ್ವಾ? ಆಮೇಲೆ ಅವರು ಎದ್ದು ಜನಕ್ಕೆ ಬಿಡಿಸಿ ಹೇಳಿದರು: ಜೈಲು ಆಗಬಹುದು, ಏಟು ಬೀಳಬಹುದು, ಆಸ್ತಿ ಹೋಗಬಹುದು, ಸಾವೂ ಬರಬಹುದು. ಪಕ್ಕದವನು ಬಿಟ್ಟುಹೋದರೂ ನಾನೊಬ್ಬನೇ ನಿಲ್ತೀನಿ ಅನ್ನೋ ಧೈರ್ಯ ಇದ್ದರೆ ಮಾತ್ರ ಕೈ ಎತ್ತಿ. ಇಡೀ ಸಭೆ ಕೈ ಎತ್ತಿತು.

ಆಗ ಇದಕ್ಕೆ ಹೆಸರೇ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಪ್ಯಾಸಿವ್ ರೆಸಿಸ್ಟೆನ್ಸ್ ಅಂತಿದ್ದರು. ಆ ಮಾತು ಗಾಂಧಿಯವರಿಗೆ ಹಿಡಿಸಲಿಲ್ಲ. ಕೈಲಾಗದವರು ಹಿಡಿಯೋ ದಾರಿ ಅನ್ನೋ ಅರ್ಥ ಅದರಲ್ಲಿತ್ತು. 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಒಳ್ಳೆ ಹೆಸರು ಸೂಚಿಸಿ ಅಂತ ಬಹುಮಾನ ಇಟ್ಟರು. ಗಾಂಧಿಯವರ ಸಂಬಂಧಿ ಮಗನಲಾಲ್ ಗಾಂಧಿ 'ಸದಾಗ್ರಹ' ಅಂತ ಕಳಿಸಿದರು. ಅದನ್ನೇ ತಿದ್ದಿ 'ಸತ್ಯಾಗ್ರಹ' ಮಾಡಿದರು. ಆಗ್ರಹ ಅಂದರೆ ಪಟ್ಟು. ಸತ್ಯವನ್ನ ಪಟ್ಟು ಹಿಡಿದು ಬಿಡದೇ ಇರೋದು. ಇದರಲ್ಲಿ "ಸುಮ್ನೆ" ಅನ್ನೋದು ಎಲ್ಲಿ ಬಂತು ಹೇಳಿ?

1908ರ ಆಗಸ್ಟ್ 16ಕ್ಕೆ ಅಲ್ಲಿನ ಹಮೀದಿಯಾ ಮಸೀದಿ ಮುಂದೆ ದೊಡ್ಡ ಕಡಾಯಿ ಇಟ್ಟು ಎರಡು ಸಾವಿರಕ್ಕೂ ಜಾಸ್ತಿ ಚೀಟಿ ಸುಟ್ಟರು. ಯಾರ ಮೈಗೂ ಕೈ ಹಾಕಲಿಲ್ಲ. ಆದರೆ ಆ ಚೀಟಿ ಇಲ್ಲದೆ ಆ ಕಾನೂನು ನಡೆಯೋದಾದರೂ ಹೇಗೆ? ಮಗಳಿಗೆ ಇದನ್ನ ಹೇಳಿ. ಆಳುವವರ ಕೆಲಸ ನಮ್ಮ ಕೈಯಿಂದಲೇ ನಡೀತದೆ. ನಾವೇ ಚೀಟಿ ತೋರಿಸಬೇಕು, ನಾವೇ ಕಂದಾಯ ಕಟ್ಟಬೇಕು, ನಾವೇ ಅವರ ಕಚೇರಿಯಲ್ಲಿ ಬರೆಯಬೇಕು. ಆ ಕೈ ಹಿಂದೆ ತಗೊಂಡರೆ ಎಂಥ ಸರ್ಕಾರವೂ ತಡವರಿಸ್ತದೆ. ಏಟು ತಿನ್ನೋದು ಆಮೇಲಿನ ಮಾತು. ಕೈ ಹಿಂದೆ ತಗೊಂಡದ್ದಕ್ಕೆ ಅವರು ಕೇಳೋ ಬೆಲೆ ಅದು.

ಸುರಪುರದವ, ಯಾದಗಿರಿ ಜಿಲ್ಲೆ

ಮಾಸ್ತರ್, ಗೌರವ ಇಟ್ಟುಕೊಂಡೇ ಹೇಳ್ತೀನಿ. ನಮ್ಮೂರಲ್ಲಿ ಬೆಳೆದ ಮಕ್ಕಳಿಗೆ ಈ ಮಾತು ಅಷ್ಟು ಸಲೀಸಾಗಿ ಇಳಿಯೋದಿಲ್ಲ. ವಾಗಣಗೇರಿಯಲ್ಲಿ ನಮ್ಮ ನಾಯಕರು ಔರಂಗಜೇಬನ ದಂಡಿಗೆ ಎದುರು ನಿಂತರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರಿಗೆ ಎದುರು ನಿಂತರು, ಹರೆಯದಲ್ಲೇ ಜೀವ ಕಳಕೊಂಡರು. ಚಿಕ್ಕವನಿದ್ದಾಗ ಅಜ್ಜ ಕೋಟೆ ಗೋಡೆ ಮೇಲೆ ನನ್ನ ಕೈ ಇಟ್ಟು ಆ ಕಥೆ ಹೇಳ್ತಿದ್ದರು. ಕಲ್ಲು ಬಿಸಿಲಿಗೆ ಕಾದಿರ್ತಿತ್ತು, ಕೈ ತೆಗೆಯೋಕೆ ಬಿಡ್ತಿರಲಿಲ್ಲ. ಕತ್ತಿ ಹಿಡಿದವರು ತಪ್ಪು ಮಾಡಿದರು ಅಂತ ನನ್ನ ಬಾಯಿಂದ ಬರೋದಿಲ್ಲ.

ರಿಟೈರ್ಡ್ ಮಾಸ್ತರ್, ಕಲಬುರಗಿ

ಹಾಗೆ ಹೇಳೋದೂ ಬೇಡ ತಮ್ಮಾ. ಗಾಂಧಿಯವರೂ ಹೇಳಲಿಲ್ಲ. 1920ರ ಆಗಸ್ಟ್‌ನಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದರು: ಹೇಡಿತನ, ಹಿಂಸೆ ಇವೆರಡರಲ್ಲಿ ಒಂದನ್ನೇ ಆರಿಸಿಕೋ ಅಂದರೆ ನಾನು ಹಿಂಸೆ ಆರಿಸು ಅಂತೀನಿ ಅಂತ. ವೆಂಕಟಪ್ಪ ನಾಯಕರಿಗಿದ್ದ ಎದೆಗಾರಿಕೆ ಇಲ್ಲದವನು ಸತ್ಯಾಗ್ರಹಿಯೂ ಆಗೋದಿಲ್ಲ. ಓಡಿಹೋಗುವವನು ಇಬ್ಬರಿಗೂ ದೂರ. ನಿಮ್ಮ ಅಜ್ಜ ಮತ್ತು ಆ ಧರಣಿಯ ಅಜ್ಜಿ ಒಂದೇ ಮಣ್ಣಿನವರು ಅಂತಲೇ ನನಗೆ ಅನಿಸ್ತದೆ.

ಭೀಮಾ ದಂಡೆ, ಚಿತ್ತಾಪುರ ತಾಲೂಕು

1906ಕ್ಕಿಂತ ಹಿಂದೆ ಹೋಗಬೇಕು ಅಂದರೆ ನಮ್ಮ ಸನ್ನತಿಗೆ ಬನ್ನಿ. ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯಲ್ಲಿ ಅಶೋಕನ ಶಾಸನ ಸಿಕ್ಕಿತಲ್ಲ, 1980ರ ದಶಕದ ಕೊನೆಯಲ್ಲಿ. ಎಷ್ಟೋ ಕಾಲದಿಂದ ಆ ಕಲ್ಲು ದೇವಿ ಮೂರ್ತಿಯ ಪೀಠವಾಗಿತ್ತು. ಮೂರ್ತಿ ಕೂರಿಸೋದಕ್ಕೆ ನಡುವೆ ತೂತು ಕೊರೆದಿದ್ದಾರೆ, ಅಲ್ಲಿದ್ದ ಅಕ್ಷರ ಹೋಗಿವೆ. ಉಳಿದ ಬ್ರಾಹ್ಮಿ ಅಕ್ಷರದಲ್ಲಿ ಅಶೋಕನ ಹದಿನಾಲ್ಕು ಬಂಡೆ ಶಾಸನಗಳ ಪೈಕಿ 12 ಮತ್ತು 14ನೆಯದರ ಭಾಗ ಇವೆ, ಜೊತೆಗೆ ಎರಡು ಪ್ರತ್ಯೇಕ ಶಾಸನ. 12ನೆಯದು ನನಗೆ ಬಹಳ ಇಷ್ಟ. ಬೇರೆಯವರ ಮತವನ್ನ ಹೀಗಳೆಯಬೇಡಿ, ನಾಲಿಗೆ ಹಿಡಿತದಲ್ಲಿರಲಿ ಅಂತ ಹೇಳ್ತದೆ. ಪ್ರತ್ಯೇಕ ಶಾಸನದಲ್ಲಿ "ಎಲ್ಲ ಜನರೂ ನನ್ನ ಮಕ್ಕಳು" ಅನ್ನೋ ಮಾತು ಬರ್ತದೆ. ಕಾರಣ ಇಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸೆ ಕೊಡಬೇಡಿ ಅಂತ ಅಧಿಕಾರಿಗಳಿಗೆ ತಾಕೀತು.

ಪಕ್ಕದ ಸೇಡಂ ತಾಲೂಕಿನ ಮಳಖೇಡದಲ್ಲಿ ಜೈನ ಬಸದಿ ಇದೆ, ರಾಷ್ಟ್ರಕೂಟರ ರಾಜಧಾನಿ ಅದು. ಅಹಿಂಸೆ ಅನ್ನೋ ಮಾತು ನಮ್ಮ ಮಣ್ಣಿಗೆ ಗಾಂಧಿಯವರಿಗಿಂತ ಎಷ್ಟು ಹಿಂದೆ ಬಂದಿದೆ ನೋಡಿ.

ತೊಗರಿ ಹೊಲ, ಕಲಬುರಗಿ

ಓದಿ ಮೈ ಜುಂ ಅಂತು. ಆದರೆ ಒಂದು ಅನುಮಾನ. ಅಶೋಕ ರಾಜ. ಕೈಯಲ್ಲಿ ಕತ್ತಿ ಇದ್ದು, ಕಳಿಂಗದಲ್ಲಿ ಆದ ಸಾವು ನೋಡಿ ಅದನ್ನ ಕೆಳಗಿಟ್ಟವನು. ಮಗಳು ಕೇಳೋದು ಕತ್ತಿಯೇ ಇಲ್ಲದವರ ಬಗ್ಗೆ. ನೋಯಿಸಬೇಡ ಅನ್ನೋದು ಒಂದು. ನೋಯಿಸದೇನೇ ಎದುರಿಸು ಅನ್ನೋದು ಇನ್ನೊಂದು. ಎರಡೂ ಒಂದೇನಾ?

ವಕೀಲಿ ಓದುವವಳು, ಕಲಬುರಗಿ

ಅಣ್ಣ, ಸರಿಯಾದ ಕಡೆ ಕೈ ಇಟ್ಟಿರಿ. ಎರಡೂ ಬೇರೆ ಬೇರೆ ಹೊಳೆ. ಒಂದು ಅಹಿಂಸೆಯದು. ಇನ್ನೊಂದು ಒಲ್ಲೆ ಅನ್ನೋದರದು, ಅದೂ ಹಳೆಯದೇ.

ನೀವು "ಧರಣಿ ಕೂತಿದ್ವಿ" ಅಂದಿರಲ್ಲ, ಆ ಮಾತಿನ ಹಿಂದೆ ಒಂದು ಕಥೆ ಇದೆ. ಹಿಂದೆ ನಮ್ಮ ದೇಶದಲ್ಲಿ ಸಾಲ ಕೊಟ್ಟವನು ಸಾಲಗಾರನ ಬಾಗಿಲಿಗೆ ಹೋಗಿ ಊಟ ಬಿಟ್ಟು ಕೂತುಬಿಡ್ತಿದ್ದ. ಅವನು ಅಲ್ಲೇ ಸತ್ತರೆ ಪಾಪ ಮನೆಯವರಿಗೆ. 2024ರ ಜುಲೈವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಂ ತೆಗೆದು ನೋಡಿ. ದೇವರ ಕೋಪಕ್ಕೆ ಗುರಿಯಾಗ್ತೀಯ ಅಂತ ನಂಬಿಸಿ ಕೆಲಸ ಮಾಡಿಸಿಕೊಳ್ಳೋದು ಅಪರಾಧ ಅಂತ ಇತ್ತು. ಅದರ ಕೆಳಗೆ ಕೊಟ್ಟ ಮೊದಲ ಉದಾಹರಣೆಯೇ ಬಾಗಿಲ ಮುಂದೆ ಧರಣಿ ಕೂರೋದು! ಕ್ಲಾಸಿನಲ್ಲಿ ಅದನ್ನ ಓದಿದ ದಿನ ನನಗೆ ಬೇರೇನೂ ತಲೆಗೆ ಹೋಗಲಿಲ್ಲ. ಬರಿಗೈಯಲ್ಲಿ ಕೂತವರನ್ನ ಕಂಡು ಕಾನೂನು ಬರೆಯುವವರು ಎಷ್ಟು ತಲೆ ಕೆಡಿಸಿಕೊಂಡಿರಬೇಕು.

ಊರಿಗೆ ಊರೇ ಖಾಲಿ ಮಾಡಿ ಹೋಗೋದೂ ಇತ್ತು. 'ಹಿಂದ್ ಸ್ವರಾಜ್'ನಲ್ಲಿ ಗಾಂಧಿಯವರು ಅದನ್ನ ಹೇಳ್ತಾರೆ. 1909ರಲ್ಲಿ ಹಡಗಿನಲ್ಲಿ ಕೂತು ಹತ್ತೇ ದಿನದಲ್ಲಿ ಬರೆದ ಪುಸ್ತಕ ಅದು. ಒಂದು ಸಣ್ಣ ಸಂಸ್ಥಾನದಲ್ಲಿ ರಾಜನ ಅಪ್ಪಣೆ ಜನಕ್ಕೆ ಹಿಡಿಸಲಿಲ್ಲ. ಗಂಟುಮೂಟೆ ಕಟ್ಟಿ ಊರು ಬಿಡೋಕೆ ಶುರು ಮಾಡಿದರು. ರಾಜ ಗಾಬರಿಯಾಗಿ, ಕ್ಷಮೆ ಕೇಳಿ, ಅಪ್ಪಣೆ ಹಿಂದೆ ತಗೊಂಡ. ಇದನ್ನ ಗಾಂಧಿಯವರು ನಮ್ಮ ಜನರ ಹಳೆ ರೂಢಿ ಅಂತಲೇ ಹೇಳಿದ್ದು.

ಅಮೆರಿಕದ ಲೇಖಕ ಥೋರೋ 1846ರಲ್ಲಿ ತೆರಿಗೆ ಕಟ್ಟದೆ ಒಂದು ರಾತ್ರಿ ಜೈಲಲ್ಲಿದ್ದ. ಗುಲಾಮಗಿರಿ ನಡೆಸೋ ಸರ್ಕಾರಕ್ಕೆ ನನ್ನ ದುಡ್ಡು ಯಾಕೆ ಅಂತ. ರಷ್ಯಾದ ಲೇಖಕ ಟಾಲ್‌ಸ್ಟಾಯ್ ಕೊನೆಗಾಲದಲ್ಲಿ ಗಾಂಧಿಯವರಿಗೆ ಪತ್ರ ಬರೀತಿದ್ದರು. ಅವೂ ಬಂದು ಸೇರಿದವು. ಆದರೆ ಎರಡು ಹೊಳೆ ಕೂಡಿದ್ದು ಮಾಸ್ತರ್ ಹೇಳಿದ ಆ ಥಿಯೇಟರಿನಲ್ಲಿ. ಒಲ್ಲೆ ಅಂತೀನಿ, ಆದರೆ ನಿನ್ನ ಕೆಡುಕು ಬಯಸೋದಿಲ್ಲ ಅಂತ ಸಾವಿರಾರು ಜನ ಒಟ್ಟಿಗೆ ಹೇಳೋದು, ಆಮೇಲೆ ವರ್ಷಗಟ್ಟಲೆ ಹಾಗೇ ನಡೆದುಕೊಳ್ಳೋದು, ಅದು ಹೊಸದು.

ಧರಣಿಗೂ ಸತ್ಯಾಗ್ರಹಕ್ಕೂ ಇರೋ ವ್ಯತ್ಯಾಸ ಇದರಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಹಳೆ ಧರಣಿಯಲ್ಲಿ ನನ್ನ ಪಾಪ ನಿನ್ನ ತಲೆ ಮೇಲೆ ಅನ್ನೋ ಬೆದರಿಕೆ ಇತ್ತು, ಸತ್ಯಾಗ್ರಹದಲ್ಲಿ ಅದಿಲ್ಲ.

ಝರಾ ಹತ್ತಿರದ ಮನೆ, ಬೀದರ್

ನಮ್ಮ ನಾನಕ್ ಝರಾ ಗುರುದ್ವಾರಕ್ಕೆ ಬಂದವರೆಲ್ಲ ನೀರು ಕುಡಿದು ಲಂಗರ್ ಊಟ ಮಾಡಿ ಹೋಗ್ತಾರೆ. ಅಲ್ಲಿ ಕೇಳಿದ ಒಂದು ಸಂಗತಿ ಹೇಳ್ತೀನಿ. ಗುರು ಗೋಬಿಂದ್ ಸಿಂಗರು ಮೊದಲು ದೀಕ್ಷೆ ಕೊಟ್ಟ ಐವರು, ಅಂದರೆ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಕಿರ್ಪಾಣ್ ಕಟ್ಟಿಕೊಳ್ಳೋ ಪರಂಪರೆ ಅದು, ಕತ್ತಿ ಬಲ್ಲ ಜನ.

ಆ ಜನ 1922ರಲ್ಲಿ ಏನು ಮಾಡಿದರು ಕೇಳಿ. ಅಮೃತಸರದ ಹತ್ತಿರ ಗುರು ಕಾ ಬಾಗ್ ಅಂತ ಜಾಗ. ಲಂಗರ್ ಒಲೆಗೆ ಕಟ್ಟಿಗೆ ಕಡಿದರು ಅಂತ ಐದು ಜನ ಸಿಖ್ಖರನ್ನ ಹಿಡಿದರು. ಅಲ್ಲಿಂದ ದಿನಾ ನೂರು ಜನರ ಒಂದು ತಂಡ, ಅಮೃತಸರದಲ್ಲಿರೋ ಸಿಖ್ಖರ ಪರಮ ಪೀಠ ಅಕಾಲ್ ತಖ್ತ್ ಮುಂದೆ ಆಣೆ ಮಾಡಿ ಹೊರಡೋದು: ಕೈ ಎತ್ತೋದಿಲ್ಲ, ಕೆಟ್ಟ ಮಾತಾಡೋದಿಲ್ಲ. ಪೊಲೀಸರು ಲಾಠಿಯಿಂದ ಬೀಳೋವರೆಗೂ ಹೊಡೆಯೋದು. ಬಿದ್ದವರು ಮತ್ತೆ ಏಳೋದು. ಪಾದ್ರಿ ಸಿ.ಎಫ್. ಆಂಡ್ರ್ಯೂಸ್ ಹೋಗಿ ಕಣ್ಣಾರೆ ನೋಡಿ ಬರೆದರು. ಸೆಪ್ಟೆಂಬರ್ ನಡುವೆ ಹೊಡೆಯೋದು ನಿಲ್ಲಿಸಿ ಬರೀ ಹಿಡಿದು ಒಳಗೆ ಹಾಕೋಕೆ ಶುರು ಮಾಡಿದರು. ಐದು ಸಾವಿರಕ್ಕೂ ಜಾಸ್ತಿ ಜನ ಜೈಲಿಗೆ ಹೋದರು.

ಅವರಲ್ಲಿ ಎಷ್ಟೋ ಜನ ದಂಡಿನಲ್ಲಿದ್ದು ಬಂದವರು. ಹೊಡೆಯೋಕೆ ಬರದವರಲ್ಲ. ಸುರಪುರದ ಅಣ್ಣನಿಗೆ ಇದು ತಟ್ಟಬಹುದು ಅಂತ ಬರೆದೆ.

ಸುರಪುರದವ, ಯಾದಗಿರಿ ಜಿಲ್ಲೆ

ತಟ್ಟಿತು.

ಕಲ್ಯಾಣದ ಮನೆ, ಬಸವಕಲ್ಯಾಣ

ಇಷ್ಟು ಹೊತ್ತು ಯಾರೂ ಕಲ್ಯಾಣದ ಮಾತು ಎತ್ತಲಿಲ್ಲ, ನಾನೇ ಎತ್ತುತ್ತೀನಿ. ನಮಗೆ ಅದು ಬರೀ ಹೆಮ್ಮೆ ಅಲ್ಲ, ನೋವೂ ಹೌದು.

ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆಯ್ತು. ಯಾರ ಮೇಲೂ ಕೈ ಮಾಡಿದ್ದಲ್ಲ. ಒಂದು ಮದುವೆ ಅಷ್ಟೇ. ಜಾತಿಯ ಕಟ್ಟಳೆ ಒಲ್ಲೆವು ಅನ್ನೋದನ್ನ ಚಪ್ಪರ ಹಾಕಿ, ಅಕ್ಕಿಕಾಳು ಹಾಕಿ ಹೇಳಿದರು. ಬಿಜ್ಜಳನ ಆಜ್ಞೆ ಏನಾಯ್ತು ಅಂತ ಕಾವ್ಯ, ಪುರಾಣಗಳು ಹೇಳ್ತವೆ. ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ನಮ್ಮ ಕಡೆ ಹಿರಿಯರು ಇವತ್ತಿಗೂ 'ಎಳೆಹೂಟೆ' ಅನ್ನೋ ಮಾತು ಬಂದರೆ ದನಿ ತಗ್ಗಿಸ್ತಾರೆ.

ಆಮೇಲಿನದೇ ಕಷ್ಟದ ಭಾಗ. ಬಸವಣ್ಣನವರು ಕೂಡಲಸಂಗಮಕ್ಕೆ ಹೊರಟರು. ಜಗದೇವ, ಮಲ್ಲಿಬೊಮ್ಮ ಬಿಜ್ಜಳನನ್ನ ಕೊಂದರು ಅಂತ ಕಥೆ. ಅಲ್ಲಿಂದ ಶರಣರ ಬೇಟೆ ಶುರುವಾಯ್ತು. ಚನ್ನಬಸವಣ್ಣನವರು ವಚನದ ಕಟ್ಟು ಹೊತ್ತುಕೊಂಡು ಉಳವಿ ಕಾಡಿಗೆ ಹೋದರು. "ಕೊಲಬೇಡ, ಮುನಿಯಬೇಡ" ಅಂದವರ ಊರಿನಲ್ಲೇ ಕೊಲೆ ಆಯ್ತು. ಜಗದೇವನನ್ನ ಬಯ್ಯೋದು ಸುಲಭ. ಆ ಬೀದಿಯಲ್ಲಿ ನಿಂತು ಅದನ್ನ ನೋಡಿದ್ದರೆ ನಾನು ಏನು ಮಾಡ್ತಿದ್ದೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ದೊಡ್ಡವನಾದೆ.

ಒಂದಂತೂ ಗಟ್ಟಿಯಾಗಿ ನಂಬ್ತೀನಿ. ಇವತ್ತಿಗೆ ಎಂಟುನೂರು ವರ್ಷ ದಾಟಿದ ಮೇಲೆ ಜನ ಕಲ್ಯಾಣಕ್ಕೆ ಬರೋದು ಆ ಮದುವೆಯನ್ನ ನೆನೆಸಿಕೊಂಡು. ಕತ್ತಿಯನ್ನ ನೆನೆಸಿಕೊಂಡು ಯಾರೂ ಬರೋದಿಲ್ಲ.

ನೀಲಿ ಶಾಯಿ, ಕಲಬುರಗಿ

ಜೈ ಭೀಮ್. ಕಲ್ಯಾಣದ ಮಾತು ಬಂದ ಮೇಲೆ ಮಹಾರಾಷ್ಟ್ರದ ಮಹಾಡ್ ಬರಲೇಬೇಕು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ, ನಮ್ಮ ದಲಿತರಿಗೆ ಮುಟ್ಟೋಕೆ ಬಿಡದ ಚವದಾರ್ ಕೆರೆಯ ನೀರು ಬೊಗಸೆಯಲ್ಲಿ ಕುಡಿದರು. ಅಷ್ಟೇ ಮಾಡಿದ್ದು. ಅದಕ್ಕೆ ಗುಂಪು ಕಟ್ಟಿ ಬಂದು ಹೊಡೆದರು. ತಿರುಗಿ ಹೊಡೆಯೋಕೆ ನಮ್ಮವರು ತಯಾರಿದ್ದರು, ಬಾಬಾಸಾಹೇಬರು ತಡೆದರು. ಕೆರೆಯ ಹಕ್ಕಿನ ಕೇಸು ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು.

ಆದರೆ ಮಗಳ ಭಾಷಣದಲ್ಲಿ ಇನ್ನೊಂದು ಮಾತೂ ಬರಲಿ ಅಂತ ನನ್ನಾಸೆ. 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಇನ್ನು ಸತ್ಯಾಗ್ರಹ, ಅಸಹಕಾರ ಬಿಡಬೇಕು ಅಂದರು. ಸಂವಿಧಾನದ ದಾರಿ ಇಲ್ಲದಾಗ ಅವು ಸರಿ, ದಾರಿ ತೆರೆದ ಮೇಲೆ ಅದು ಅರಾಜಕತೆ ಆಗ್ತದೆ ಅಂತ. ನಾನು ಇದನ್ನ ಹೀಗೆ ತಿಳಕೊಂಡಿದ್ದೀನಿ: ಮೊದಲು ಅರ್ಜಿ ಕೊಡು, ಕೋರ್ಟಿಗೆ ಹೋಗು, ವೋಟು ಹಾಕು. ಬಾಗಿಲು ತೆರೆದಿದ್ದಾಗ ಗೋಡೆ ಹಾರಬೇಡ. ಆ ಬಾಗಿಲು ನಮ್ಮ ಕೇರಿಗೆ ನಿಜವಾಗಿ ತೆರೆದಿದೆಯಾ ಅನ್ನೋದು ಮಾತ್ರ ನಾನು ಪ್ರತಿ ಸಲ ಕೇಳ್ತೀನಿ. ಮತ್ತೆ, ಉಪವಾಸ ಯಾರ ವಿರುದ್ಧ ಅನ್ನೋದೂ ಮುಖ್ಯ. 1932ರಲ್ಲಿ ಗಾಂಧಿಯವರು ಯರವಡಾ ಜೈಲಿನಲ್ಲಿ ಮಾಡಿದ ಉಪವಾಸ, ನಮ್ಮ ಪ್ರತಿನಿಧಿಗಳನ್ನ ನಾವೇ ಆರಿಸೋ ಪ್ರತ್ಯೇಕ ಮತಕ್ಷೇತ್ರವನ್ನ ಕಿತ್ತುಕೊಂಡಿತು. ಅದು ನಮಗೆ ಮೃದುವಾಗಿ ಕಾಣಲಿಲ್ಲ.

ವಕೀಲಿ ಓದುವವಳು, ಕಲಬುರಗಿ

ಈ ಕೊನೆಯ ಮಾತು ನನ್ನ ಎದೆಗೆ ನಾಟಿತು. ನಾನು ಮೇಲೆ ಬರೆದ ಹಳೆ ಧರಣಿಗೂ 1932ರ ಉಪವಾಸಕ್ಕೂ ಎಷ್ಟು ದೂರ ಅಂತ ಇವತ್ತಿಂದ ಯೋಚಿಸಬೇಕು.

ಗೋರಟಾ ಕಡೆಯವಳು, ಬೀದರ್ ಜಿಲ್ಲೆ

ನಾನು ಇಲ್ಲಿ ಬರೆಯೋದು ಕಡಿಮೆ. ನಿಜಾಮನ ಕಾಲದ ಮಾತು ಯಾರೂ ಆಡಲಿಲ್ಲ ಅಂತ ಬರೀತಿದ್ದೀನಿ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟೋ ಮೊದಲೇ ಅದಕ್ಕೆ ನಿಷೇಧ ಬಿತ್ತು. ಅಕ್ಟೋಬರ್ 24ರಿಂದ ಎರಡು ತಿಂಗಳು ಸತ್ಯಾಗ್ರಹ ನಡೆಯಿತು. ಆ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಆಗ ಜೈಲಿಗೆ ಹೋದವರು. ಮುಂದೆ 1947, 48ರಲ್ಲಿ ಅದೇ ಹೋರಾಟದವರು ಗಡಿಯಲ್ಲಿ ಶಿಬಿರ ಹಾಕಿ ಬಂದೂಕು ಹಿಡಿದರು. 1948ರ ಮೇನಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರು ನಮ್ಮ ಗೋರಟಾದಲ್ಲಿ ಮಾಡಿದ್ದನ್ನ ನೆನೆದರೆ ಬಂದೂಕು ಹಿಡಿದವರನ್ನ ನಾನು ಬೈಯಲಾರೆ.

ಹೈದರಾಬಾದ್ ಭಾರತದ ಕೈಗೆ ಬಂದ ಸೆಪ್ಟೆಂಬರ್ 17 ಆದ ಮೇಲೆ ಏನಾಯ್ತು ಅನ್ನೋದನ್ನೂ ಹೇಳಬೇಕು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಜಾಸ್ತಿ ಸಾವು ನೋವು ಕಂಡ ನಾಲ್ಕು ಜಿಲ್ಲೆ ಅಂತ ಬರೆದದ್ದರಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇವೆ. ಆಗ ಸತ್ತವರು ಮುಸಲ್ಮಾನರು. ಏನೂ ಮಾಡದವರು. ನನ್ನ ಅಜ್ಜಿ ಎರಡೂ ಸಲದ ಹೊಗೆ ಕಂಡಿದ್ದರು. ಎರಡನೇ ಸಲ ಪಕ್ಕದ ಮನೆಯ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, ತನ್ನ ಸೀರೆ ಉಡಿಸಿ, ಜೋಳದ ಚೀಲಗಳ ಹಿಂದೆ ಕೂರಿಸಿದ್ದರಂತೆ. ಹುಡುಕೋಕೆ ಬಂದವರು ನಮ್ಮವರೇ. ಅಜ್ಜಿ ಹೊಸ್ತಿಲ ಮೇಲೆ ಕೂತುಬಿಟ್ಟರಂತೆ. "ನನ್ನ ದಾಟಿ ಹೋಗು" ಅಂದರಂತೆ. ದಾಟಲಿಲ್ಲ.

ಇದಕ್ಕೆ ಯಾವ ಹೆಸರು ಕೊಡ್ತೀರೋ ಕೊಡಿ.

ರಿಟೈರ್ಡ್ ಮಾಸ್ತರ್, ಕಲಬುರಗಿ

ತಾಯಿ, ಓದಿ ಕಣ್ಣು ತುಂಬಿತು. ನನ್ನ ಇಷ್ಟು ವರ್ಷದ ಪಾಠಕ್ಕಿಂತ ಆ ಹೊಸ್ತಿಲು ದೊಡ್ಡದು.

ಮಗಳಿಗೆ ಒಂದು ಹೆಸರು ಕೊಡಬೇಕು ಅಂತ ಬಂದೆ. ವಳ್ಳಿಯಮ್ಮೆ. ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ತಮಿಳು ಹುಡುಗಿ. 1913ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕೋರ್ಟು ಕ್ರೈಸ್ತ ಪದ್ಧತಿಯಲ್ಲಿ ಆಗದ ಮದುವೆಗೆ ಮಾನ್ಯತೆ ಇಲ್ಲ ಅಂದುಬಿಟ್ಟಿತು. ಹೆಣ್ಣುಮಕ್ಕಳು ಸಿಡಿದೆದ್ದರು, ಕಸ್ತೂರಬಾ ಜೈಲಿಗೆ ಹೋದರು. ನವೆಂಬರ್‌ನಲ್ಲಿ ಟ್ರಾನ್ಸ್‌ವಾಲ್ ಗಡಿ ದಾಟಿದ ಮೆರವಣಿಗೆಯಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ವಳ್ಳಿಯಮ್ಮೆಗೂ ಜೈಲಾಯ್ತು. ಜ್ವರ ಹತ್ತಿಸಿಕೊಂಡು ಹೊರಗೆ ಬಂದಳು. ಗಾಂಧಿಯವರು ನೋಡೋಕೆ ಹೋಗಿ, ಜೈಲಿಗೆ ಹೋದದ್ದಕ್ಕೆ ಬೇಸರ ಇದೆಯಾ ಅಂತ ಕೇಳಿದರು. ಈಗ ಹಿಡಿದರೂ ಮತ್ತೆ ಹೋಗೋಕೆ ತಯಾರು ಅಂದಳಂತೆ. 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ವಯಸ್ಸು ಹದಿನಾರು.

ತೊಗರಿ ಹೊಲ, ಕಲಬುರಗಿ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ವಳ್ಳಿಯಮ್ಮೆಯ ವಯಸ್ಸು ಕೇಳಿ ಸುಮ್ಮನಾದಳು. ಆಮೇಲೆ ಭಾಷಣದ ಹಾಳೆಯಿಂದ "ಸುಮ್ಮನೆ ಸಹಿಸಿದರು" ಅನ್ನೋ ಸಾಲು ಹೊಡೆದುಹಾಕಿ "ಒಲ್ಲೆವು ಎಂದರು" ಅಂತ ಬರೆದಳು. ಹೊಸ್ತಿಲ ಅಜ್ಜಿಯನ್ನ ಹೆಸರು ಹೇಳದೆ ಸೇರಿಸಬಹುದಾ ಅಂತ ಕೇಳ್ತಿದ್ದಾಳೆ. ಗೋರಟಾ ಅಕ್ಕ, ನೀವು ಹೂಂ ಅಂದರೆ ಮಾತ್ರ.

ಇನ್ನೊಂದು ಕೇಳಿದಳು. ಕಲ್ಲು ಬಿಡಿಸಿದ ಅಜ್ಜಿ ಈಗ ಎಲ್ಲಿದ್ದಾರೆ ಅಂತ. ಆರು ದಿನ ಒಟ್ಟಿಗೆ ಕೂತವನು ನಾನು, ಅವರ ಊರು ಕೇಳಿರಲಿಲ್ಲ. ಆ ಧರಣಿಯಲ್ಲಿ ಇದ್ದವರು ಯಾರಾದರೂ ಇಲ್ಲಿದ್ದೀರಾ? ಹಸಿರು ಇಳಕಲ್ ಸೀರೆ, ಎಡಗೈ ಮೇಲೆ ತುಳಸಿಕಟ್ಟೆಯ ಹಚ್ಚೆ.

ಗೋರಟಾ ಕಡೆಯವಳು, ಬೀದರ್ ಜಿಲ್ಲೆ

ಹೂಂ. ಸೇರಿಸಲಿ.

ಭೀಮಾ ದಂಡೆ, ಚಿತ್ತಾಪುರ ತಾಲೂಕು

ನಮ್ಮ ಊರಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಆ ಧರಣಿಗೆ ಬಂದಿದ್ದರು, ಹೆಂಗಸರೂ ಇದ್ದರು. ನಾಳೆ ಸಂತೆ ಇದೆ. ವಿಚಾರಿಸಿ ಹೇಳ್ತೀನಿ.